ಬೀಜ ನಮ್ಮ ಹೊಲದ್ದು, ಎಣ್ಣೆ ಯಾರದು?

2025ರ ಮುಂಗಾರಿನಲ್ಲಿ ಕೊಪ್ಪಳವೂ ಸೇರಿದಂತೆ ನಾಡಿನ ಹಲವೆಡೆ ರೈತರು ಯೂರಿಯಾ ಚೀಲಕ್ಕಾಗಿ ಸರದಿಯಲ್ಲಿ ನಿಂತರು. ಆ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ. ಸಾರಜನಕವು ಮಣ್ಣಿನಲ್ಲಿ ಬೇಗನೆ ಪೋಲಾಗದಿರಲೆಂದು ಕೇಂದ್ರ ಸರ್ಕಾರ 2015ರಲ್ಲಿ ಈ ಲೇಪನವನ್ನು ಕಡ್ಡಾಯಗೊಳಿಸಿತು. ಬದುವಿನ ಮರದಿಂದ ಉದುರಿದ ಬೀಜ ಕಾರ್ಖಾನೆಯನ್ನು ಸುತ್ತಿ ರೈತನಲ್ಲಿಗೇ ಮರಳುತ್ತಿದೆ. ನಡುವಣ ಲಾಭದಲ್ಲಿ ಅವನಿಗೆ ಪಾಲಿಲ್ಲ.

ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣದ ಮೇಲೆ ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಕಂಪನಿ ಯುರೋಪಿನಲ್ಲಿ ಪಡೆದಿದ್ದ ಪೇಟೆಂಟ್ 2000ದಲ್ಲಿ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅಲ್ಲಿ ಗೆದ್ದ ನಾವು ಇಲ್ಲಿ ಊರ ಗಾಣಗಳನ್ನು ಉಳಿಸಿಕೊಳ್ಳಲಿಲ್ಲ. ಗಾಣವನ್ನೇ ಕಾಯಕವಾಗಿಸಿಕೊಂಡ ಗಾಣದ ಕಣ್ಣಪ್ಪನವರಂತಹ ಶರಣರ ಪರಂಪರೆ ನಮ್ಮದು!

ಊರಿನಲ್ಲಿಯೇ ಎಣ್ಣೆ ತೆಗೆದರೆ ಹಿಂಡಿಯೂ ಊರಿನಲ್ಲಿಯೇ ಉಳಿಯುತ್ತದೆ. ನಿಜವಾದ ಗಳಿಕೆ ಇರುವುದು ಅದರಲ್ಲಿ. ಸುಮಾರು 4 ಕಿಲೋ ಹೊಂಗೆ ಬೀಜದಿಂದ 1 ಲೀಟರಿನಷ್ಟು ಎಣ್ಣೆ ಬರುತ್ತದೆ. ಉಳಿಯುವ ಹಿಂಡಿ ತೆಂಗು, ಅಡಿಕೆ ತೋಟಗಳಿಗೆ ಹಳೆಯ ಗೊಬ್ಬರ. ಆದರೆ ಉತ್ಪ್ರೇಕ್ಷೆ ಸಲ್ಲದು. ಯೂರಿಯಾದಲ್ಲಿ ಸಾರಜನಕ ಶೇ. 46ರಷ್ಟಿದ್ದರೆ ಹಿಂಡಿಯಲ್ಲಿ ಇರುವುದು ಸುಮಾರು ಶೇ. 4ರಿಂದ 5. ಹಿಂಡಿಯೊಂದರಿಂದಲೇ ಬೆಳೆ ತೆಗೆಯಬಹುದೆಂದು ರೈತರಿಗೆ ಹೇಳುವುದು ಅನ್ಯಾಯ. ಬೇವು ಕೀಟವನ್ನು ಸಿಂಪಡಿಸಿದ ಕೂಡಲೇ ಕೊಲ್ಲುವುದೂ ಇಲ್ಲ. ಅದರ ಮೇವನ್ನೂ ಬೆಳವಣಿಗೆಯನ್ನೂ ತಡೆಯುತ್ತದೆ. ಬಿಸಿಲಿಗೆ ಸತ್ವ ಕುಂದುವುದರಿಂದ ಸಂಜೆ ಸಿಂಪಡಿಸಬೇಕು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು. ತೇವ ಉಳಿದರೆ ಬೂಸ್ಟು ಹಿಡಿದು ಎಲ್ಲವೂ ವ್ಯರ್ಥ. ಗಾಣ ದೂರವಿರುವ ಸಣ್ಣ ರೈತನಿಗೆ ಇನ್ನೊಂದು ದಾರಿಯಿದೆ: 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಬೆರೆಸಿ 100 ಲೀಟರ್ ದ್ರಾವಣ ಮಾಡಿಕೊಳ್ಳಬಹುದು.

ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿರುವ ಭಕ್ತರಿಗೂ ಇದರಲ್ಲಿ ಪಾತ್ರವಿದೆ. ಇಲ್ಲಿನ ಬೀದಿಬದಿಯ ಹೊಂಗೆಮರಗಳ ಕಾಯಿ ಬೇಸಿಗೆಯಲ್ಲಿ ಉದುರಿ ಕಸದೊಡನೆ ಗುಡಿಸಿಹೋಗುತ್ತದೆ. ಬಡಾವಣೆಯವರು ಅದನ್ನು ಆಯ್ದು, ಒಣಗಿಸಿ, ಕನಕಪುರ ರಸ್ತೆಯಾಚೆಯ ರೈತರ ಗುಂಪುಗಳಿಗೆ ಒಪ್ಪಿಸಿದರೆ ಅದು ದಾಸೋಹವೇ. ಹೊಂಗೆ ಬೇಸಿಗೆಯಲ್ಲಿ, ಬೇವು ಮುಂಗಾರಿನಲ್ಲಿ ದೊರೆಯುವುದರಿಂದ ಗಾಣಕ್ಕೆ ಹೆಚ್ಚು ತಿಂಗಳು ಕೆಲಸವಿರುತ್ತದೆ. ಒಂದೇ ಬೀಜವನ್ನು ನಂಬಿದ ಗಾಣಕ್ಕೆ ಆ ಅನುಕೂಲವಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಆ ಸೀಮೆ, ಅಂದರೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆದ ರಾಮನಗರ ಜಿಲ್ಲೆ, ರೇಷ್ಮೆಯ ನಾಡು. ಬೇವು ರೇಷ್ಮೆಹುಳುವಿಗೂ ಹಾನಿಕರ. ಹಿಪ್ಪುನೇರಳೆಗೆ ತಾಗುವಂತೆ ಸಿಂಪಡಿಸುವ ಮೊದಲು ರೇಷ್ಮೆ ಇಲಾಖೆಯವರನ್ನು ವಿಚಾರಿಸತಕ್ಕದ್ದು.