ಕುಪ್ಪಿಯಲ್ಲಿ ಬಂದ ಕಡಲು

ಪಂಚಾಂಗದ ತಿಥಿಗಣನೆಯನ್ನು ಕುರಿತು ಈ ಸಾರಿ ಬರೆಯುವೆನೆಂದು ಮಾತುಕೊಟ್ಟಿದ್ದೆನು. ಅದನ್ನು ಮುಂದಿನ ಸಂಚಿಕೆಗೆ ತಳ್ಳಿದುದಕ್ಕೆ ವಾಚಕರು ಕ್ಷಮಿಸಬೇಕು. ನಡುವೆ ನಮ್ಮ ಮನೆಗೆ ಸಮುದ್ರವೇ ಬಂದುಬಿಟ್ಟಿತು.

ಸಂತೆಗುಳಿಗೆ ಸಮುದ್ರ ಬರುವುದೆಂದರೆ ಸಾಮಾನ್ಯದ ಮಾತಲ್ಲ. ಕುಮಟೆಯಿಂದ ಒಳಕ್ಕೆ, ಘಟ್ಟದ ದಿಕ್ಕಿಗೆ ಸರಿದಿರುವ ಊರು ನಮ್ಮದು. ಸುತ್ತಲೂ ಅಡಕೆಯ ತೋಟ, ಬೇಣ, ಹಳ್ಳ. ಕಡಲು ಇರುವುದನ್ನು ನಾವು ಬಲ್ಲೆವೇ ಹೊರತು ದಿನವೂ ಕಾಣುವವರಲ್ಲ. ಜರ್ಮನಿಯಲ್ಲಿರುವ ನಮ್ಮ ಮಗಳು ದೀಪಾವಳಿಗೆ ಊರಿಗೆ ಬಂದಾಗ ತಾಯಿಗೆಂದು ಅಂಗೈಯಲ್ಲಿ ಅಡಗುವಷ್ಟು ಒಂದು ಕುಪ್ಪಿಯನ್ನು ತಂದಳು. ಅದರೊಳಗೆ ಸಮುದ್ರದ ಪರಿಮಳವಿದೆಯೆಂದೂ, ದೊಡ್ಡ ಕಾರಖಾನೆಗಳ ಮಾಲಲ್ಲವೆಂದೂ, ಕೆಲವೇ ರಸಿಕರಿಗಾಗಿ ಚಿಕ್ಕ ಅಂಗಡಿಗಳವರು ಅಲ್ಪ ಪ್ರಮಾಣದಲ್ಲಿ ಕೂಡಿಸಿ ಮಾಡುವ ಅತ್ತರಿನ ಜಾತಿಯೆಂದೂ ಹೇಳಿದಳು. ಬೆಲೆಯನ್ನು ಮಾತ್ರ ಹೇಳಲಿಲ್ಲ. ಅಳಿಯಂದಿರು ಬಾಯ್ತಪ್ಪಿ ಹೇಳಿದರು. ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದಾಗ ವರ್ಷವಿಡೀ ದುಡಿದು ತಂದ ಸಂಬಳ ಅದು.

ಇಷ್ಟು ವೆಚ್ಚ ಮಾಡಿ ಕಡಲನ್ನೇ ಏಕೆ ತಂದಳೆಂಬುದಕ್ಕೆ ಕಾರಣವುಂಟು. ನನ್ನ ಗೃಹಿಣಿಯ ತವರು ಗೋಕರ್ಣ. ಹುಟ್ಟಿದಂದಿನಿಂದ ಇಪ್ಪತ್ತೆರಡು ವರ್ಷ ಕಡಲಗಾಳಿಯಲ್ಲಿ ಬೆಳೆದವಳು ಈ ತೋಟದ ಸೀಮೆಗೆ ಬಂದ ಹೊಸದರಲ್ಲಿ, "ಇಲ್ಲಿಯ ಗಾಳಿಗೆ ಉಪ್ಪೇ ಇಲ್ಲ" ಎನ್ನುತ್ತಿದ್ದಳು. ಅಂಥವಳಿಗೆ 2021ರ ಮೇ ತಿಂಗಳಿನಲ್ಲಿ ಕೊರೋನಾ ಜ್ವರ ಬಂದಿತು. ಜ್ವರವು ಎಂಟು ದಿನಕ್ಕೆ ಇಳಿಯಿತು; ಹೋಗುವಾಗ ಆಕೆಯ ಘ್ರಾಣಶಕ್ತಿಯನ್ನು ಕೊಂಡೊಯ್ದಿತು. ಕಣ್ಣು ಹೋದವನನ್ನು ಕಂಡು ಮರುಗುವ ಲೋಕ ಮೂಗು ಹೋದವಳ ಕಷ್ಟವನ್ನು ತಿಳಿಯದು. ನಾನೇ ತಿಳಿಯಲಿಲ್ಲ. ಹಾಲು ತಳಹಿಡಿದು ಮನೆಯೆಲ್ಲ ಕಮಟು ನಾರುತ್ತಿದ್ದರೂ ಒಲೆಯ ಬಳಿಯಲ್ಲೇ ನಿಂತು ಕಾಯಿ ತುರಿಯುತ್ತಿದ್ದ ಆಕೆಯನ್ನು ಒಂದು ದಿನ ಗದರಿದೆನು. ಆಕೆ ಮಾತನಾಡದೆ ಒಲೆ ಆರಿಸಿ ಹಿತ್ತಲಿಗೆ ಹೋದಳು. ಆ ಗದರಿಕೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಒಗ್ಗರಣೆಯನ್ನು ಸಾಸಿವೆ ಸಿಡಿಯುವ ಸದ್ದಿನಿಂದ ತಿಳಿಯುವಳು. ಸಾರು ಹಳಸಿತೋ ಇಲ್ಲವೋ ಎಂದು ಪಾತ್ರೆಯನ್ನು ನನ್ನ ಮೂಗಿನ ಬಳಿಗೆ ಹಿಡಿಯುವಳು. ಮಲ್ಲಿಗೆ ಮುಡಿಯುವುದನ್ನು ಬಿಟ್ಟಳು. ಕೇಳಿದರೆ, "ಪರಿಮಳ ತಿಳಿಯದ ಮೇಲೆ ಕಾಗದದ ಹೂವೂ ಒಂದೇ, ಇದೂ ಒಂದೇ" ಎಂದಳು.

ಕುಮಟೆಯ ವೈದ್ಯರು ಹೇಳಿದ ಉಪಾಯ ಇಷ್ಟೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಒಂದೊಂದಾಗಿ, ಮನಸ್ಸಿಟ್ಟು, ತಿಂಗಳುಗಟ್ಟಲೆ ಮೂಸುತ್ತಿರಬೇಕು. ಜರ್ಮನಿಯ ಡ್ರೆಸ್ಡೆನ್ ನಗರದ ಹುಮ್ಮೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಕ್ರಮವಂತೆ. ವಾಸನೆ ಹಿಡಿಯುವ ನರಕೋಶಗಳು ದೇಹದಲ್ಲಿ ಮತ್ತೆ ಮತ್ತೆ ಹೊಸದಾಗಿ ಹುಟ್ಟುವ ಸ್ವಭಾವದವು. ಕೊರೋನಾದ ವಿಷಾಣು ಹೆಚ್ಚಾಗಿ ಕೆಡಿಸುವುದು ಅವುಗಳನ್ನಲ್ಲ, ಅವುಗಳಿಗೆ ಆಸರೆಯಾಗಿರುವ ಪಕ್ಕದ ಕೋಶಗಳನ್ನು. ಆದುದರಿಂದ ಆಸೆಯುಂಟು. ಆದರೆ ಮರಳುವ ವಾಸನೆ ಕೆಲವೊಮ್ಮೆ ವಕ್ರವಾಗಿ ಮರಳುವುದು. ಕಾಪಿಯು ಸುಟ್ಟ ರಬ್ಬರಿನಂತೆ ನಾರಬಹುದು. ಇದಕ್ಕೆ ಸಿದ್ಧರಾಗಿರಿ ಎಂದೂ ಅವರು ಹೇಳಿದ್ದರು. ವರ್ಷಗಳು ಕಳೆದವು. ಲವಂಗ ಮೊದಲು ಬಂದಿತು, ಆಮೇಲೆ ನಿಂಬೆ; ಉಳಿದವು ಮಸುಕು ಮಸುಕು.

ಇನ್ನು ಕುಪ್ಪಿಯ ಪ್ರಸಂಗ. ದೀಪಾವಳಿಯ ಪಾಡ್ಯದ ಸಂಜೆ ಮಗಳು ತಾಯಿಯ ಮಣಿಕಟ್ಟಿಗೆ ಎರಡು ಸಾರಿ ಸಿಂಪಡಿಸಿ, "ಆಯೀ, ಕಣ್ಣು ಮುಚ್ಚಿ ಮೂಸಿ ನೋಡು. ಏನು ನೆನಪಾಗುತ್ತದೆ?" ಎಂದಳು. ನಾವೆಲ್ಲರೂ ಗೋಕರ್ಣವೆಂಬ ಉತ್ತರಕ್ಕೆ ಕಾದುಕೊಂಡಿದ್ದೆವು. ಆಕೆ ಬಹಳ ಹೊತ್ತು ಮೂಸಿ, ಸಂಕೋಚದಿಂದ, "ಕಲ್ಲಂಗಡಿ ಹಣ್ಣು ಕೊಯ್ದಂತೆ ಇದೆಯಲ್ಲೇ" ಎಂದಳು. ಮಗಳ ಮುಖ ಬಾಡಿತು. ನನಗೆ ವೈದ್ಯರ ಮಾತು ನೆನಪಾಗಿ ಎದೆ ಧಸಕ್ಕೆಂದಿತು. ಕಡಲು ಕಲ್ಲಂಗಡಿಯಾಗಿ ಕಂಡ ಮೇಲೆ ವಕ್ರವಾಗಿಯೇ ಮರಳಿತೆಂದಾಯಿತಷ್ಟೆ! ಅಂದು ರಾತ್ರಿ ಆಕೆ ಮಗಳನ್ನು ಸಮಾಧಾನಪಡಿಸಲೆಂದು, "ಸ್ವಲ್ಪ ಕಡಲಿನ ಹಾಗೆಯೂ ಇದೆ ಮಗಾ" ಎಂದು ಸುಳ್ಳಾಡಿದ್ದೂ ನನ್ನ ಕಿವಿಗೆ ಬಿದ್ದಿತು.

ಈ ಸಂಗತಿಯನ್ನು ರಸಾಯನಶಾಸ್ತ್ರ ಬೋಧಿಸುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬನಲ್ಲಿ ಹೇಳಿಕೊಂಡೆನು. ಅವನು ಕೇಳಿ ನಗತೊಡಗಿದನು. ಗುರುವಿನ ದುಃಖಕ್ಕೆ ನಗುವ ಶಿಷ್ಯನನ್ನು ಕಂಡು ಸಿಟ್ಟು ಬಂದಿತಾದರೂ, ಅವನು ಹೇಳಿದುದು ಇದು: "ಮಾಸ್ತರೇ, ಅಮ್ಮನವರ ಮೂಗು ಸರಿಯಾಗಿಯೇ ಇದೆ. ಕುಪ್ಪಿಯೊಳಗಿರುವುದೇ ಕಲ್ಲಂಗಡಿ."

ಫೈಜರ್ ಎಂಬ ಔಷಧದ ಕಂಪನಿಯ ರಸಾಯನಜ್ಞರು 1966ರಲ್ಲಿ ಬೇರೇನನ್ನೋ ಹುಡುಕುತ್ತ ಒಂದು ಹೊಸ ದ್ರವ್ಯವನ್ನು ಕಂಡರಂತೆ. ಅದಕ್ಕೆ ಕ್ಯಾಲೋನ್ ಎಂದು ಹೆಸರು. ಅದನ್ನು ಮೂಸಿದವರಿಗೆ ಕೊಯ್ದ ಕಲ್ಲಂಗಡಿಯ ವಾಸನೆಯೂ, ಅದರ ಹಿಂದೆ ಸಮುದ್ರದ ತಣ್ಣನೆಯ ಗಾಳಿಯಂಥದೂ ತೋರುತ್ತದೆ. ಕಡಲಪಾಚಿಯ ಕೆಲವು ಜಾತಿಗಳು ತಮ್ಮೊಳಗೆ ಸಂಕೇತಕ್ಕಾಗಿ ನೀರಿಗೆ ಬಿಡುವ ದ್ರವ್ಯಗಳನ್ನು ಅದು ಹೋಲುವುದಂತೆ. ಇಪ್ಪತ್ತು ವರ್ಷ ಯಾರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. 1990ರ ದಶಕದಲ್ಲಿ ಲೋಕದ ಅತ್ತರುಗಳೆಲ್ಲ ಒಮ್ಮೆಲೇ ಸಮುದ್ರದ ಹೆಸರು ಹೇಳತೊಡಗಿದಾಗ ಅವುಗಳಲ್ಲಿ ಬಹಳಷ್ಟರ ಬೆನ್ನೆಲುಬು ಈ ಕ್ಯಾಲೋನ್ ಆಗಿತ್ತು. ಸಮುದ್ರವನ್ನು ಎಂದೂ ಮೂಸಿರದ ಪೇಟೆಯ ಜನಕ್ಕೆ ಇದೇ ಸಮುದ್ರವೆಂದು ರೂಢಿಯಾಯಿತು. ಗೋಕರ್ಣದಲ್ಲಿ ಹುಟ್ಟಿದವಳಿಗೆ ಆ ರೂಢಿಯಿಲ್ಲ; ಇದ್ದುದನ್ನು ಇದ್ದಂತೆ ಹೇಳಿದಳು.

ಹಾಗಾದರೆ ನಿಜವಾದ ಕಡಲಿನ ವಾಸನೆ ಯಾವುದೆಂದು ಕೇಳಿದೆನು. ಬಹುಪಾಲು ಒಂದು ಗಂಧಕದ ಅನಿಲ, ಡೈಮಿಥೈಲ್ ಸಲ್ಫೈಡ್. ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಉಪ್ಪುನೀರಿನಲ್ಲಿ ಬಾಳುವುದಕ್ಕಾಗಿ ಒಂದು ದ್ರವ್ಯವನ್ನು ಒಡಲಲ್ಲಿ ಕೂಡಿಟ್ಟುಕೊಂಡಿರುತ್ತವೆ. ಅವು ಸತ್ತಾಗ, ಅಥವಾ ಮತ್ತೊಂದು ಜೀವಿ ಅವುಗಳನ್ನು ತಿಂದಾಗ, ಸೂಕ್ಷ್ಮಜೀವಿಗಳು ಆ ದ್ರವ್ಯವನ್ನು ಒಡೆದು ಈ ಅನಿಲವನ್ನು ಹೊರಬಿಡುತ್ತವೆ. ಕೋಸುಗಡ್ಡೆ ಬೇಯಿಸುವಾಗ ಅಡಿಗೆಮನೆಯಲ್ಲಿ ಏಳುವ ವಾಸನೆಯಲ್ಲೂ ಇದೇ ಉಂಟು. ಕೆಲವು ಕಡಲಹಕ್ಕಿಗಳು ಮೈಲುಗಟ್ಟಲೆ ದೂರದಿಂದ ಇದನ್ನು ಹಿಡಿದು ಆಹಾರವಿರುವ ನೀರನ್ನು ಹುಡುಕಿಕೊಂಡು ಬರುತ್ತವೆ. ಇದನ್ನೇ ಕುಪ್ಪಿಗೆ ತುಂಬಿದರೆ ಮಣಿಕಟ್ಟಿಗೆ ಹಚ್ಚಿಕೊಳ್ಳುವವರು ಯಾರು?

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ಧೈರ್ಯವಂತರೆಂದು ನನ್ನ ಅಭಿಪ್ರಾಯ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಯೆಂಬ ಅಧ್ಯಾಯವುಂಟು. ಅದರಲ್ಲಿ ಲಾವಂಚ, ಕರ್ಪೂರ, ನಾಗಕೇಸರ, ಅಗರು, ದವನ, ಕೊತ್ತುಂಬರಿ, ಶ್ರೀಗಂಧ ಮುಂತಾದ 16 ದ್ರವ್ಯಗಳನ್ನು ಹೇಳಿ, ನಾಲ್ಕು ನಾಲ್ಕಾಗಿ ಆರಿಸಿ ಬೆರೆಸುವ ಕ್ರಮಕ್ಕೆ ಗಂಧಾರ್ಣವ, ಎಂದರೆ ಸುಗಂಧಗಳ ಸಮುದ್ರ, ಎಂದು ಹೆಸರಿಟ್ಟಿದ್ದಾನೆ. ಹದಿನಾರರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 1,820. (ಈ ಲೆಕ್ಕವನ್ನು ನಾನು ಶಾಲೆಯಲ್ಲಿ ಹುಡುಗರಿಗೆ ಕೊಡುತ್ತಿದ್ದೆನು, ಸರಿಯಾಗಿ ಮಾಡಿದವರು ವಿರಳ.) ಆ ಹದಿನಾರರಲ್ಲಿ ನಖವೆಂಬುದೂ ಒಂದು. ಅದು ಯಾವ ಗಿಡದ್ದೂ ಅಲ್ಲ. ಕಡಲಿನ ಶಂಖದ ಹುಳು ಒಳಗೆ ಸರಿದು ಬಾಯಿ ಮುಚ್ಚಿಕೊಳ್ಳುವ ಉಗುರಿನಂಥ ಮುಚ್ಚಳ. ಹಸಿಯದನ್ನು ಮೂಸಿದರೆ ಊಟ ಸೇರದು. ತೊಳೆದು, ಹುರಿದು, ಧೂಪಕ್ಕೆ ಸೇರಿಸಿದರೆ ಉಳಿದ ಪರಿಮಳಗಳನ್ನು ಹಾರಿಹೋಗದಂತೆ ಹಿಡಿದಿಡುವುದು. ಉತ್ತರದೇಶದ ಕನೌಜಿನ ಅತ್ತರುಗಾರರು ಇದನ್ನು ಸುಟ್ಟು ಭಟ್ಟಿಯಿಳಿಸುವ ಎಣ್ಣೆಗೆ ಚೋಯಾ ನಖ್ ಎನ್ನುತ್ತಾರೆ. ನಮ್ಮ ಕನ್ನಡದಲ್ಲೇ ಸುಮಾರು 1025ರಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರವು ಪಾಕ, ಜಲಶೋಧನೆ, ಪಶುವೈದ್ಯಗಳ ಜೊತೆಗೆ ಸುಗಂಧಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಗೃಹಸ್ಥನಿಗೆ ಇದೂ ತಿಳಿದಿರತಕ್ಕದ್ದೆಂಬ ಭಾವ ಆಗ ಇತ್ತು.

ಅಂಬರ್ ಎಂಬುದರ ಮಾತೂ ಇಲ್ಲಿ ಬಂದೇ ಬರುವುದು. ದೊಡ್ಡತಲೆಯ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟಿ, ವರ್ಷಗಟ್ಟಲೆ ಅಲೆಯಲ್ಲಿ ತೇಲಿ ಹದಗೊಳ್ಳುವ ಮೇಣದಂಥ ಗಡ್ಡೆಯದು. ರಸಗ್ರಂಥಗಳ ಅಗ್ನಿಜಾರವು ಇದೇ ಎಂದು ಹಲವರ ಮತ. ಕೋಟಿ ಬೆಲೆಯೆಂಬ ಸುದ್ದಿ ಕೇಳಿ ನಮ್ಮ ಕರಾವಳಿಯ ಹುಡುಗರು ಕನಸು ಕಾಣುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ದಂಡೆಯಲ್ಲಿ ಅಂಥದು ಸಿಕ್ಕಿದವರು ಅರಣ್ಯ ಇಲಾಖೆಗೆ ತಿಳಿಸಿ ಕೈತೊಳೆದುಕೊಳ್ಳುವುದು ಕ್ಷೇಮ.

ಮನೆಗೆ ಬಂದು ಶಿಷ್ಯನ ಮಾತನ್ನೆಲ್ಲ ಹೇಳಿದೆನು. ಆಕೆ ಕುಪ್ಪಿಯನ್ನು ತೆಗೆದು ಮತ್ತೊಮ್ಮೆ ಮೂಸಿ, "ಹಾಗಾದರೆ ನನ್ನದು ತಪ್ಪಲ್ಲ" ಎಂದಳು. ಸ್ವಲ್ಪ ತಡೆದು, "ಆದರೆ ಕಡಲು ತಿಳಿಯುತ್ತದೆಯೋ ಇಲ್ಲವೋ, ಅದು ಗೊತ್ತಾಗಲಿಲ್ಲವಲ್ಲ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಶಿವರಾತ್ರಿಗೆ ಗೋಕರ್ಣಕ್ಕೆ ಹೋದೆವು. ರಥಬೀದಿಯಲ್ಲಿ ಊದುಬತ್ತಿ, ಕರ್ಪೂರ, ಜನಸಂದಣಿ. ಯಾವುದರ ವಾಸನೆ ಯಾವುದೆಂದು ನನಗೇ ತಿಳಿಯದು. ಮರುದಿನ ಮಧ್ಯಾಹ್ನ ಆಕೆಯನ್ನು ತದಡಿಯ ಕಡೆಗೆ ಕರೆದುಕೊಂಡು ಹೋದೆನು. ದಾರಿಯಲ್ಲಿ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಿನ ರಾಶಿಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಆಕೆ ಗಾಡಿಯ ಕಿಟಕಿಯಿಂದ ಮುಖ ಹೊರಗಿಟ್ಟಳು, ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತದಡಿಯಲ್ಲಿ ಇಳಿದೆವು. ಅಘನಾಶಿನಿಯ ಇಳಿತದ ಹೊತ್ತು. ನೀರು ಸರಿದು ಕೆಸರು ಬಯಲಾಗಿತ್ತು; ದೋಣಿಗಳು ಅಡ್ಡಬಿದ್ದಿದ್ದವು; ಆಚೆ ಹೆಂಗಸರು ಮೀನು ಒಣಹಾಕುತ್ತಿದ್ದರು. ಹತ್ತು ಹೆಜ್ಜೆ ನಡೆದಿರಬಹುದು. ಹಿಂದಿರುಗಿ ನೋಡುತ್ತೇನೆ, ನನ್ನ ಗೃಹಿಣಿ ಸೆರಗಿನಿಂದ ಮೂಗನ್ನು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದಾಳೆ.

"ಸಾಕು, ಹೋಗೋಣ ನಡೆಯಿರಿ" ಎಂದಳು. "ಏನು ನಾತ!"

ನಾವು ಅಲ್ಲಿಂದ ಒಂದು ಗಂಟೆಯವರೆಗೂ ಕದಲಲಿಲ್ಲ.