ಕೋಚ್ ಗ್ವಿನ್ ತುಟಿಯೊಳಗಿನ ತಂಬಾಕು

ಟೋನಿ ಗ್ವಿನ್ ಹೆಸರು ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅದು ದೊಡ್ಡ ಹೆಸರು. ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡದ ಔಟ್‌ಫೀಲ್ಡರ್. 1982ರಿಂದ 2001ರವರೆಗೆ 20 ಸೀಸನ್ ಅದೊಂದೇ ತಂಡಕ್ಕೆ ಆಡಿದರು. 3,141 ಹಿಟ್, 8 ಸಲ ಲೀಗಿನ ಬ್ಯಾಟಿಂಗ್ ಪ್ರಶಸ್ತಿ. ಹೆಂಡತಿಯ ಕೈಲಿ ತಮ್ಮ ಆಟವನ್ನು ಟೇಪ್ ಮಾಡಿಸಿ, ಕೂತು ನೋಡಿ ತಪ್ಪು ತಿದ್ದಿಕೊಳ್ಳುತ್ತಿದ್ದ ಮನುಷ್ಯ.

ಆಡುವುದು ನಿಂತ ಮೇಲೆ ತಾವು ಓದಿದ ಸ್ಯಾನ್ ಡಿಯಾಗೊ ಸ್ಟೇಟ್ ಯೂನಿವರ್ಸಿಟಿಗೇ ಮರಳಿದರು. 2003ರ ಸೀಸನ್‌ನಿಂದ ಮುಖ್ಯ ಕೋಚ್. ತಂಡದ ಗೆಲುವು-ಸೋಲಿನ ಲೆಕ್ಕ ಅಂಥ ಬೆರಗಿನದಲ್ಲ, ನಿಜ. ಆದರೆ ಅವರ ಕೈಲಿ ಪಳಗಿದ ಸ್ಟೀಫನ್ ಸ್ಟ್ರಾಸ್‌ಬರ್ಗ್ 2009ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ.

ಈ ಕೋಚ್ ಆಟಗಾರನಾಗಿದ್ದಾಗಿನಿಂದಲೂ ತುಟಿ-ವಸಡಿನ ನಡುವೆ ಹಸಿ ತಂಬಾಕು ಇಟ್ಟುಕೊಳ್ಳುತ್ತಿದ್ದರು, ನಮ್ಮಲ್ಲಿ ಹೊಗೆಸೊಪ್ಪು ಇಡುವ ಹಾಗೆ. 2010ರಲ್ಲಿ ಜೊಲ್ಲುಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. 2014ರ ಜೂನ್ 16ರಂದು ತೀರಿಕೊಂಡರು. ವಯಸ್ಸು 54. ತಂಬಾಕೇ ಕಾರಣ ಎಂದು ಅವರೇ ನಂಬಿದ್ದರು. ಆ ಬಗೆಯ ಕ್ಯಾನ್ಸರ್‌ಗೆ ತಂಬಾಕಿನ ನಂಟು ಎಷ್ಟು ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ.

ನಮ್ಮ ತಕರಾರು ಗ್ವಿನ್ ಅವರ ಚಟದ ಬಗ್ಗೆ ಅಲ್ಲ, ನಿಯಮದ ಬಗ್ಗೆ. ಕೆಳಹಂತದ ವೃತ್ತಿಪರ ಲೀಗುಗಳಲ್ಲಿ 1993ರಲ್ಲೇ ತಂಬಾಕು ನಿಷೇಧವಾಯಿತು. ಕಾಲೇಜು ಬೇಸ್‌ಬಾಲ್‌ನಲ್ಲೂ ನಿಷೇಧ ಬಂತು. ಮೇಲಿನ ಲೀಗಿನಲ್ಲಿ ಮಾತ್ರ 2016ರವರೆಗೂ ಬರಲಿಲ್ಲ, ಯಾಕೆಂದರೆ ಅಲ್ಲಿ ಆಟಗಾರರ ಸಂಘ ಒಪ್ಪಬೇಕಿತ್ತು. ಹುಡುಗರಿಗೆ ಬೇಡ ಅನ್ನುವುದು, ಆ ಹುಡುಗರು ಟಿವಿಯಲ್ಲಿ ಕಣ್ಣರಳಿಸಿ ನೋಡುವ ದೊಡ್ಡವರಿಗೆ ಬಿಟ್ಟುಬಿಡುವುದು. ಸ್ಟ್ರಾಸ್‌ಬರ್ಗ್‌ಗೂ ಅದೇ ಚಟವಿತ್ತು. ಗುರುವಿಗೆ ಕಾಯಿಲೆ ಎಂದು ಗೊತ್ತಾದಾಗ ಬಿಡುತ್ತೇನೆ ಅಂದ. ಗುರು ತೀರಿಕೊಂಡಾಗ ಮತ್ತೆ ಅದನ್ನೇ ಅನ್ನಬೇಕಾಯಿತು.

ಅರ್ಧ ನಿಷೇಧದ ರುಚಿ ನಮಗೇನು ಹೊಸದಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಗೂಡಂಗಡಿಯಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಂಡು ಅಲ್ಲೇ ಬೆರೆಸಿ ಬಾಯಿಗೆ ಹಾಕಿಕೊಂಡರಾಯಿತು.

ಗ್ವಿನ್ ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾ ತನ್ನ ಮೈದಾನಗಳಲ್ಲಿ ಜಗಿಯುವ ತಂಬಾಕನ್ನು ಕಾನೂನಿನಿಂದಲೇ ತಡೆಯಿತು. ಅದು ಸರಿಯಾದ ದಾರಿ. ಲೀಗು ಮತ್ತು ಆಟಗಾರರ ಸಂಘ 2016ರ ಕೊನೆಗೆ ಮಾಡಿಕೊಂಡ ಒಪ್ಪಂದ ಹಾಗಿಲ್ಲ. ಹೊಸದಾಗಿ ಬರುವವರಿಗೆ ತಂಬಾಕು ಇಲ್ಲ, ಆಗಲೇ ಒಳಗಿದ್ದವರಿಗೆ ಅಡ್ಡಿಯಿಲ್ಲ! ಇದನ್ನು ಗ್ವಿನ್‌ಗೆ ಸಲ್ಲಿಸಿದ ಗೌರವ ಎಂದು ಕರೆಯಲು ನಮಗೆ ಮನಸ್ಸು ಬರುತ್ತಿಲ್ಲ.