ಕೊನೆಯ ಹಾಡಿನವರೆಗೆ

ಹೊಲಸು ಮಾತು, ಪಿಸ್ತೂಲು, ಮಾದಕವಸ್ತು. ‘ರೆಡಿ ಟು ಡೈ’ ಕಿವಿಗೆ ಬಿದ್ದರೆ ‘ಮೊದಲು ಅದನ್ನು ನಿಲ್ಲಿಸು’ ಎನ್ನದ ಪಾಲಕರು ಅಪರೂಪ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಹುಡುಗ ಕ್ರಿಸ್ಟೋಫರ್ ವ್ಯಾಲೇಸ್ ‘ನಟೋರಿಯಸ್ ಬಿ.ಐ.ಜಿ.’ ಎಂಬ ಹೆಸರಿನಲ್ಲಿ 1994ರಲ್ಲಿ ತಂದ ಮೊದಲ ರ್‍ಯಾಪ್ ಆಲ್ಬಂ ಇದು. ಆಗ ಅವನಿಗೆ 22 ವರ್ಷ.

ಅಪರಾಧವನ್ನು ವೈಭವೀಕರಿಸುತ್ತಾನೆ ಎಂಬುದು ಕೆಲವು ಕೇಳುಗರ ದೂರು. ಬಡಾಯಿಗೇನೂ ಕೊರತೆಯಿಲ್ಲವಾದ್ದರಿಂದ ದೂರು ಪೂರ್ತಿ ಸುಳ್ಳಲ್ಲ. ಆದರೆ ಕೊನೆಯವರೆಗೆ ಕೇಳಿದವರ ಮಾತೇ ಬೇರೆ. ಮಗು ಹುಟ್ಟುವ ಸದ್ದಿನಿಂದ ತೊಡಗುವ ಆಲ್ಬಂ, ಬದುಕೇ ಬೇಡವಾದ ಯುವಕನೊಬ್ಬ ಗೆಳೆಯನಿಗೆ ಮಾಡಿದ ಫೋನ್ ಕರೆಯಲ್ಲಿ ಮುಗಿಯುತ್ತದೆ. ಅಮ್ಮನಿಗೆ ಸುಳ್ಳು ಹೇಳಿದ್ದು, ಅವಳ ಪರ್ಸಿನಿಂದ ಕದ್ದದ್ದು, ಎಲ್ಲವನ್ನೂ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಬಡಾಯಿಕೋರನ ಹಾಡೇ ಇದು?

ನಿಜಜೀವನದ ತಾಯಿ ವೊಲೆಟಾ, ಜಮೈಕಾದಿಂದ ಬಂದು ಒಂಟಿಯಾಗಿ ಮಗನನ್ನು ಸಾಕಿದ ಶಿಕ್ಷಕಿ! ಓದಿನಲ್ಲಿ ಚುರುಕಾಗಿದ್ದ ಮಗ ಹದಿನೇಳಕ್ಕೆ ಶಾಲೆ ಬಿಟ್ಟ. ಬೀದಿಯಲ್ಲಿ ಅವನು ಮಾದಕವಸ್ತು ಮಾರುತ್ತಿದ್ದುದು ಅವರಿಗೆ ಬಹುಕಾಲ ತಿಳಿದಿರಲಿಲ್ಲ. 1997ರ ಮಾರ್ಚ್ 9ರಂದು ಲಾಸ್ ಏಂಜಲೀಸ್‌ನಲ್ಲಿ ಯಾರದೋ ಗುಂಡಿಗೆ ಬಲಿಯಾದಾಗ ಅವನಿಗೆ 24.

ಚಿಕ್ಕ ಮಕ್ಕಳ ಕೈಗೆ ಈ ಆಲ್ಬಂ ನಾನು ಕೊಡಲಾರೆ. ಕಾಲೇಜು ಓದುವವರು ಕೇಳುತ್ತಿದ್ದರೆ, ಯಾವ ಹಾಡು ಇಷ್ಟವೆಂದು ವಿಚಾರಿಸುವೆ. ಕೊನೆಯದು ಎಂದರೆ, ಕೆಲಸ ಬದಿಗಿಟ್ಟು ಪಕ್ಕದಲ್ಲಿ ಕೂರುವೆ.